ಉಪ್ಪಿನ ಹರಳಿನಷ್ಟು ಸೀಸ

ಕಲಬುರಗಿಯ ನಮ್ಮ ಬಡಾವಣೆಯ ಅಂಗನವಾಡಿ ಅಂಗಳದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳಿವು. ಬಂದವರಲ್ಲಿ ಹೆಚ್ಚಿನವರು ತಾಯಂದಿರು. ಗ್ಯಾರೇಜಿನಲ್ಲಿ ಕೆಲಸ ಮಾಡುವ ಏಳೆಂಟು ಜನ ಗಂಡಸರೂ ಬಂದಿದ್ದರು. ಅವತ್ತು ಬರಲಾಗದವರು ಬರೆದುಕೊಡಿ ಅಂದಿದ್ದಕ್ಕೆ ನೆನಪಿದ್ದಷ್ಟನ್ನು ಬರೆದಿದ್ದೇನೆ. ನಡುನಡುವೆ ಕೇಳಿದ ಪ್ರಶ್ನೆಗಳನ್ನೂ ಹಾಗೇ ಇಟ್ಟಿದ್ದೇನೆ.

ಎಲ್ಲರಿಗೂ ಶರಣು.

ಈ ಗಾಜಿನ ಡಬ್ಬಿಯಲ್ಲಿ ಏನಿದೆ ಅಂತ ಹಿಂದೆ ಕೂತವರಿಗೆ ಕಾಣಲಿಕ್ಕಿಲ್ಲ. ಮೀನಿನ ಬಲೆಗೆ ಕಟ್ಟುವ ಗುಂಡುಗಳು. ಭೀಮಾ ನದಿ ದಂಡೆಯ ಒಂದು ಹಳ್ಳಿಯಿಂದ ತಂದಿದ್ದೇನೆ. ಡಬ್ಬಿಯನ್ನು ಕೈಯಲ್ಲಿ ಹಿಡಿದು ನೋಡಿ, ಆದರೆ ಮುಚ್ಚಳ ತೆಗೆಯಬೇಡಿ. ಎಷ್ಟು ಚಿಕ್ಕದು, ಎಷ್ಟು ಭಾರ ಅಲ್ವಾ? ಇದೇ ಸೀಸ. ಒಂದು ಗುಂಡನ್ನು ಬಿಳಿ ಹಾಳೆಯ ಮೇಲೆ ಎಳೆದಿದ್ದೇನೆ, ನೋಡಿ. ಪೆನ್ಸಿಲ್ ಗೀಟಿನ ಹಾಗೆ ಬೂದು ಬಣ್ಣದ ಗೀಟು ಬಿದ್ದಿದೆ. ಹಾಳೆ ಮೇಲೆ ಬಿದ್ದದ್ದು ಬೆರಳ ಮೇಲೂ ಬೀಳುತ್ತದೆ. ಬೆರಳ ಮೇಲಿದ್ದದ್ದು ರೊಟ್ಟಿ ಮೇಲೆ ಹೋಗುತ್ತದೆ.

ಪೆನ್ಸಿಲ್ ಮಾತು ಬಂತು ಅಂತ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾವು ಅದಕ್ಕೆ ಸೀಸದಕಡ್ಡಿ ಅಂತೀವಿ. ಅದರಲ್ಲಿ ಸೀಸ ಇಲ್ಲ. ಇರುವುದು ಗ್ರಾಫೈಟ್, ಇದ್ದಿಲಿನ ಜಾತಿಯದು. ಮಗು ಪೆನ್ಸಿಲ್ ಕಚ್ಚಿತು ಅಂತ ಹೆದರಬೇಕಿಲ್ಲ. ಹೆಸರಿನಲ್ಲಿ ಸೀಸ ಇರುವುದರಲ್ಲಿ ಸೀಸ ಇಲ್ಲ. ಹೆಸರೇ ಇಲ್ಲದೆ ಸೀಸ ಕೂತಿರುವ ವಸ್ತುಗಳು ಮನೆಯಲ್ಲಿ ಬೇರೆ ಇವೆ. ಇವತ್ತು ಅವುಗಳ ಬಗ್ಗೆ ಮಾತಾಡೋಣ.

ನಾನು ವೈದ್ಯೆ ಅಲ್ಲ. 31 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ಆವರ್ತ ಕೋಷ್ಟಕದಲ್ಲಿ 82ನೇ ಮನೆ ಸೀಸದ್ದು, ಅದು 327 ಡಿಗ್ರಿಗೆ ಕರಗುತ್ತದೆ ಅಂತ ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಅಷ್ಟು ಕಡಿಮೆ ಶಾಖಕ್ಕೆ ಕರಗುತ್ತದೆ ಅಂದರೆ ಮನೆಯ ಒಲೆ ಮೇಲೂ ಕರಗುತ್ತದೆ ಅಂತ ಅರ್ಥ. ಆ ಅರ್ಥ ನನಗೆ ಹೊಳೆದದ್ದು ನಮ್ಮದೇ ಮನೆಯ ಮಗು ಮಲಗಿದಾಗ.

ನನ್ನ ತಂಗಿಯ ಮಗ ಬ್ಯಾಟರಿ ಕೆಲಸ ಮಾಡುತ್ತಾನೆ. ಇನ್ವರ್ಟರ್, ಟ್ರ್ಯಾಕ್ಟರ್, ಆಟೋ ಬ್ಯಾಟರಿಗಳನ್ನು ರಿಪೇರಿ ಮಾಡುತ್ತಾನೆ. ಕೈ ಚುರುಕು, ದುಡಿಮೆಗಾರ. ಅಂಗಡಿ ಬಾಡಿಗೆ ಉಳಿಯಲಿ ಅಂತ ಮನೆ ಅಂಗಳದಲ್ಲೇ ಒಂದು ತಗಡಿನ ಚಪ್ಪರ ಹಾಕಿಕೊಂಡಿದ್ದ. ಹಳೇ ಬ್ಯಾಟರಿ ಒಡೆದು, ಪ್ಲೇಟು ತೆಗೆದು, ಕಡಾಯಿಯಲ್ಲಿ ಸೀಸ ಕರಗಿಸಿ ಎರಕ ಹೊಯ್ಯುತ್ತಿದ್ದ. ಅವನ ಮಗನಿಗೆ ಆಗ ಮೂರು ವರ್ಷ. ಅಪ್ಪ ಎಲ್ಲಿ ಕೂತರೆ ಅಲ್ಲೇ ಅವನ ಆಟ.

ಮಗುವಿಗೆ ಹೊಟ್ಟೆನೋವು ಶುರುವಾಯಿತು. ನಾಲ್ಕೈದು ದಿನಕ್ಕೊಮ್ಮೆ ಕಕ್ಕಸಿಗೆ ಹೋಗುತ್ತಿದ್ದ. ಊಟ ಸೇರುತ್ತಿರಲಿಲ್ಲ. ಮುಖ ಬಿಳಿಚಿಕೊಂಡಿತು. ಮೊದಲು ಚೆನ್ನಾಗಿ ಮಾತಾಡುತ್ತಿದ್ದವನು ಸುಮ್ನೆ ಕೂರತೊಡಗಿದ, ಮುಟ್ಟಿದರೆ ಅಳುತ್ತಿದ್ದ. ದೃಷ್ಟಿ ತೆಗೆಸಿದರು. ಒಂದು ದವಾಖಾನೆಯಲ್ಲಿ ಜಂತುಹುಳದ ಔಷಧಿ ಕೊಟ್ಟರು. ಇನ್ನೊಂದು ಕಡೆ ರಕ್ತ ಕಡಿಮೆ ಇದೆ ಅಂತ ಟಾನಿಕ್ ಕೊಟ್ಟರು. ಎಂಟು ತಿಂಗಳು ಹೀಗೇ ಕಳೆಯಿತು. ಅಷ್ಟು ಜನರಲ್ಲಿ ಒಬ್ಬರೂ "ತಂದೆ ಏನು ಕೆಲಸ ಮಾಡುತ್ತಾರೆ?" ಅಂತ ಕೇಳಲಿಲ್ಲ. ನಾನೂ ಕೇಳಲಿಲ್ಲ. ಮನೆಗೆ ಹೋದಾಗ ಆ ಚಪ್ಪರದ ಪಕ್ಕದಲ್ಲೇ ಕೂತು ಚಹಾ ಕುಡಿದು ಬರುತ್ತಿದ್ದೆ.

ಕೊನೆಗೆ ಒಬ್ಬ ಸಣ್ಣ ವಯಸ್ಸಿನ ಡಾಕ್ಟರಮ್ಮ ಆ ಪ್ರಶ್ನೆ ಕೇಳಿದರು. ರಕ್ತ ತೆಗೆದು ಹೊರಗಿನ ಲ್ಯಾಬಿಗೆ ಕಳಿಸಿದರು. ಒಂದು ಡೆಸಿಲೀಟರ್, ಅಂದರೆ 100 ಮಿಲಿಲೀಟರ್ ರಕ್ತದಲ್ಲಿ 52 ಮೈಕ್ರೋಗ್ರಾಂ ಸೀಸ ಅಂತ ವರದಿ ಬಂತು.

52 ಅಂದರೆ ಎಷ್ಟು? ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 5 ಮುಟ್ಟಿದರೇ ಸೀಸ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ನಿಲ್ಲಿಸಬೇಕು. ಅಮೆರಿಕದಲ್ಲಿ 2021ರಿಂದ ಆ ಗೆರೆಯನ್ನು 3.5ಕ್ಕೆ ಇಳಿಸಿದ್ದಾರೆ. ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಸೀಸಕ್ಕಿಲ್ಲ. 45 ದಾಟಿದರೆ ಸೀಸವನ್ನು ಮೈಯಿಂದ ಹೊರಹಾಕುವ ಔಷಧಿ ಕೊಡಬೇಕಾಗುತ್ತದೆ. ನಮ್ಮ ಹುಡುಗ ಆ ಗೆರೆಯನ್ನೂ ದಾಟಿದ್ದ.

ಈ ಮೈಕ್ರೋಗ್ರಾಂ ಲೆಕ್ಕ ಯಾರ ತಲೆಗೂ ಹೋಗುವುದಿಲ್ಲ, ನನಗೆ ಗೊತ್ತು. ಅದಕ್ಕೇ ಮನೆಯಿಂದ ಪುಡಿ ಉಪ್ಪು ತಂದಿದ್ದೇನೆ. ಮೂರು ವರ್ಷದ ಮಗುವಿನ ಮೈಯಲ್ಲಿ ಸುಮಾರು ಒಂದು ಲೀಟರ್ ರಕ್ತ ಇರುತ್ತದೆ. ಆ ಇಡೀ ರಕ್ತದಲ್ಲಿ ಸೀಸದ ಮಟ್ಟ 5 ಆಗಬೇಕಾದರೆ ಸುಮಾರು 50 ಮೈಕ್ರೋಗ್ರಾಂ ಸೀಸ ಸಾಕು. ಈ ಪುಡಿ ಉಪ್ಪಿನ ಒಂದೇ ಒಂದು ಹರಳಿನ ತೂಕ ಹೆಚ್ಚು ಕಡಿಮೆ ಅಷ್ಟೇ. ನನ್ನ ಬೆರಳ ತುದಿಗೆ ಅಂಟಿದೆ, ಮುಂದೆ ಕೂತವರಿಗೂ ಕಾಣುತ್ತಿಲ್ಲ ಅಲ್ವಾ? ಇಷ್ಟು ಸಾಕು. ಇದನ್ನು ಕಣ್ಣಲ್ಲಿ ನೋಡಿ ತಡೆಯಲಿಕ್ಕೆ ಯಾವ ತಾಯಿಗೂ ಆಗುವುದಿಲ್ಲ. ಹಾಗಾಗಿ "ನೀನು ಮಗುವನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ" ಅಂತ ಯಾರೂ ಸೊಸೆಗೆ ಬೈಯಬೇಡಿ. ನಮ್ಮ ಮನೆಯಲ್ಲಿ ಬೈದರು. ಆ ಹುಡುಗಿ ಅತ್ತದ್ದನ್ನು ನಾನು ನೋಡಿದ್ದೇನೆ.

ಮಗುವನ್ನು ಹೈದರಾಬಾದಿಗೆ ಕರೆದುಕೊಂಡು ಹೋದರು. 19 ದಿನದ ಔಷಧಿ. ಮಟ್ಟ 24ಕ್ಕೆ ಇಳಿಯಿತು. ಎಲ್ಲರಿಗೂ ಖುಷಿ, ಮನೆಗೆ ಬಂದು ಹೋಳಿಗೆ ಮಾಡಿದರು. ಮೂರು ತಿಂಗಳಾದ ಮೇಲೆ ಮತ್ತೆ ನೋಡಿದರೆ 39. ಯಾಕೆ? ಮಗು ವಾಪಸ್ ಬಂದದ್ದು ಅದೇ ಅಂಗಳಕ್ಕೆ. ಎಲುಬಿನಲ್ಲಿ ಕೂತಿದ್ದ ಸೀಸ ರಕ್ತಕ್ಕೆ ಇಳಿಯಿತು, ಅಂಗಳದ ಹೊಸ ಸೀಸ ಬಾಯಿಗೆ ಹೋಯಿತು. ಔಷಧಿ ಒಂದು ಕಡೆಯಿಂದ ಮೊಗೆದರೆ ಮನೆ ಇನ್ನೊಂದು ಕಡೆಯಿಂದ ತುಂಬುತ್ತಿತ್ತು.

ಸೀಸ ಮೈಯಲ್ಲಿ ಏನು ಮಾಡುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ದೇಹ ಸೀಸವನ್ನು ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ ಅಂತ ತಿಳಿದುಕೊಳ್ಳುತ್ತದೆ. ಬೆಳೆಯುವ ಮಗುವಿಗೆ ಎಲುಬಿಗೆ, ಹಲ್ಲಿಗೆ, ಮಿದುಳಿನ ನರಗಳಿಗೆ ಕ್ಯಾಲ್ಸಿಯಂ ಬೇಕೇ ಬೇಕು. ಕ್ಯಾಲ್ಸಿಯಂ ಬಂತು ಅಂತ ಬಾಗಿಲು ತೆಗೆದರೆ ಒಳಗೆ ಬರುವುದು ಸೀಸ. ನುಂಗಿದ ಸೀಸದಲ್ಲಿ ದೊಡ್ಡವರು ಹೀರಿಕೊಳ್ಳುವುದರ ನಾಲ್ಕೈದು ಪಟ್ಟು ಮಕ್ಕಳು ಹೀರಿಕೊಳ್ಳುತ್ತಾರೆ. ರಕ್ತದಲ್ಲಿನ ಸೀಸ ಒಂದು ತಿಂಗಳಲ್ಲಿ ಸುಮಾರು ಅರ್ಧ ಇಳಿಯುತ್ತದೆ. ಎಲುಬಿಗೆ ಸೇರಿದ್ದು ಹತ್ತಿಪ್ಪತ್ತು ವರ್ಷ ಕದಲುವುದಿಲ್ಲ. ಹೀಗೆ ಸೀಸ ಸೇರಿದ ಹೆಣ್ಣುಮಗು ಬೆಳೆದು ಬಸುರಿಯಾದಾಗ, ಹೊಟ್ಟೆಯಲ್ಲಿರುವ ಕೂಸಿಗೆ ಅಂತ ಎಲುಬಿನಿಂದ ಕ್ಯಾಲ್ಸಿಯಂ ಹೊರಡುತ್ತದಲ್ಲ, ಅದರ ಜೊತೆ ಸೀಸವೂ ಹೊರಡುತ್ತದೆ. ಅಜ್ಜಿ ಮನೆಯ ಅಂಗಳದ ಸೀಸ ಹೀಗೆ ಮೊಮ್ಮಗುವಿಗೂ ಮುಟ್ಟುತ್ತದೆ.

ಇನ್ನೊಂದು ಮಾತು. ಮೈಯಲ್ಲಿ ಕಬ್ಬಿಣದಂಶ ಕಡಿಮೆ ಇದ್ದರೆ ಕರುಳು ಸೀಸವನ್ನು ಇನ್ನೂ ಜಾಸ್ತಿ ಹೀರುತ್ತದೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಕ್ಕಳಿಗೆ ರಕ್ತಹೀನತೆ ಇತ್ತು. ರಕ್ತ ಕಡಿಮೆ ಇರುವ ಮಗು ಮಣ್ಣು ತಿನ್ನುತ್ತದೆ. ಮಣ್ಣಿನಲ್ಲಿ ಸೀಸ ಇದ್ದರೆ ಅದು ಒಳಗೆ ಹೋಗುತ್ತದೆ. ಸೀಸ ಹೋದರೆ ರಕ್ತ ಇನ್ನೂ ಕಡಿಮೆಯಾಗುತ್ತದೆ. ಒಂದಕ್ಕೊಂದು ಗಂಟು ಬಿದ್ದಿದೆ.

ಈಗ ನನ್ನನ್ನು ತುಂಬಾ ಕಾಡಿದ ಒಂದು ವಿಷಯ. ಅಮೆರಿಕದಲ್ಲಿ ಹರ್ಬರ್ಟ್ ನೀಡಲ್‌ಮನ್ ಅಂತ ಒಬ್ಬ ಮಕ್ಕಳ ಡಾಕ್ಟರ್ ಇದ್ದರು. ರಕ್ತದಲ್ಲಿ ಇವತ್ತಿನ ಸೀಸ ಮಾತ್ರ ಕಾಣುತ್ತದೆ. ಮೊದಲು ಹೋಗಿದ್ದನ್ನು ಹೇಗೆ ಅಳೆಯುವುದು? ಅವರಿಗೆ ಹೊಳೆದದ್ದು ಹಾಲುಹಲ್ಲು. ನಮ್ಮಲ್ಲಿ ಮಕ್ಕಳು ಬಿದ್ದ ಹಲ್ಲನ್ನು ಮಾಳಿಗೆ ಮೇಲೆ ಎಸೆಯುತ್ತಾರಲ್ಲ, ಅವರು ಅದೇ ಹಲ್ಲುಗಳನ್ನು ಕೇಳಿ ಪಡೆದರು. ಬೋಸ್ಟನ್ ಹತ್ತಿರದ ಎರಡು ಊರುಗಳ ಒಂದನೇ, ಎರಡನೇ ತರಗತಿಯ 2,000ಕ್ಕೂ ಹೆಚ್ಚು ಮಕ್ಕಳು ಹಲ್ಲು ಕೊಟ್ಟರು. ಹಲ್ಲಿನಲ್ಲಿ ಎಷ್ಟು ಸೀಸ ಇದೆ ಅಂತ ಅಳೆದರು. ಯಾವ ಮಗುವಿನ ಹಲ್ಲಿನಲ್ಲಿ ಎಷ್ಟಿದೆ ಅಂತ ಟೀಚರ್‌ಗಳಿಗೆ ಹೇಳದೆ, ಮಕ್ಕಳ ಬಗ್ಗೆ ಅವರನ್ನು ಕೇಳಿದರು. ಈ ಹುಡುಗ ಗಮನ ಕೊಡುತ್ತಾನಾ? ಹೇಳಿದ್ದನ್ನು ಪೂರ್ತಿ ಮಾಡುತ್ತಾನಾ? ಬೇಗ ಸಿಟ್ಟಿಗೇಳುತ್ತಾನಾ? ಹಲ್ಲಿನಲ್ಲಿ ಸೀಸ ಹೆಚ್ಚಿದ್ದಷ್ಟೂ ಟೀಚರ್‌ಗಳ ದೂರು ಹೆಚ್ಚಿತ್ತು, ಬುದ್ಧಿ ಪರೀಕ್ಷೆಯ ಅಂಕ ಕಡಿಮೆ ಇತ್ತು. ಆ ಮಕ್ಕಳಲ್ಲಿ ಯಾರಿಗೂ ಕಾಯಿಲೆಯ ಗುರುತೇ ಇರಲಿಲ್ಲ. 1979ರಲ್ಲಿ ಇದು ಪ್ರಕಟವಾಯಿತು. 11 ವರ್ಷದ ಮೇಲೆ ಅವರಲ್ಲೇ ಕೆಲವರನ್ನು ಹುಡುಕಿ ನೋಡಿದರೆ, ಸೀಸ ಹೆಚ್ಚಿದ್ದವರು ಹೈಸ್ಕೂಲು ಬಿಡುವ ಸಾಧ್ಯತೆ ಏಳು ಪಟ್ಟು ಜಾಸ್ತಿ ಇತ್ತು.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. 31 ವರ್ಷದಲ್ಲಿ ಎಷ್ಟು ಮಕ್ಕಳಿಗೆ "ನಿನ್ನ ತಲೆಯಲ್ಲಿ ಏನಿದೆಯೋ" ಅಂತ ಅಂದಿರಬಹುದು ನಾನು? ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಗ್ಯಾರೇಜ್ ಸಾಲಿನ ಹುಡುಗರ ಮುಖಗಳು ಒಂದೊಂದಾಗಿ ನೆನಪಾದವು. ಅವರಿಗೆಲ್ಲ ಸೀಸವೇ ಕಾರಣ ಅಂತ ನಾನು ಹೇಳುತ್ತಿಲ್ಲ. ಬಡತನ, ಹಸಿವು, ಮನೆಯ ಜಗಳ ಎಲ್ಲ ಇರುತ್ತವೆ. ಆದರೆ ಕೇಳಬೇಕಿದ್ದ ಒಂದು ಪ್ರಶ್ನೆಯನ್ನು ನಾನು ಒಮ್ಮೆಯೂ ಕೇಳಲಿಲ್ಲ.

ಅದಕ್ಕೇ ಇವತ್ತು ಒಂದೇ ಮಾತನ್ನು ಗಟ್ಟಿಯಾಗಿ ಹೇಳಲಿಕ್ಕೆ ಬಂದಿದ್ದೇನೆ. ಮಗುವಿನ ಮುಖ ನೋಡಿ ಸೀಸ ಇದೆಯಾ ಅಂತ ಹುಡುಕಬೇಡಿ, ಸಿಗುವುದಿಲ್ಲ. ಸಿಗುವ ಹೊತ್ತಿಗೆ ತಡವಾಗಿರುತ್ತದೆ. ಮಿದುಳಿಗೆ ಆದ ಹಾನಿಯನ್ನು ಯಾವ ಗುಳಿಗೆಯೂ ವಾಪಸ್ ತರುವುದಿಲ್ಲ. ಮನೆಯಲ್ಲಿ ಹುಡುಕಿ. ಓಣಿಯಲ್ಲಿ ಹುಡುಕಿ.

ನಮ್ಮ ದೇಶದಲ್ಲಿ ಇದನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಹುಡುಕಿದವರಲ್ಲಿ ಒಬ್ಬರು ಬೆಂಗಳೂರಿನ ಡಾ. ತುಪ್ಪಿಲ್ ವೆಂಕಟೇಶ್. 1990ರ ದಶಕದಲ್ಲಿ ದೊಡ್ಡ ನಗರಗಳ ಸಾವಿರಾರು ಜನರ ರಕ್ತ ಪರೀಕ್ಷೆ ನಡೆದಾಗ, 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧದಷ್ಟು ಜನರಲ್ಲಿ ಸೀಸ 10ಕ್ಕಿಂತ ಹೆಚ್ಚಿತ್ತು. ಆಗ ಪೆಟ್ರೋಲಿನಲ್ಲೇ ಸೀಸ ಬೆರೆಸುತ್ತಿದ್ದರು. 2000ನೇ ಇಸವಿಯಲ್ಲಿ ಅದು ದೇಶದಲ್ಲೆಲ್ಲ ನಿಂತಿತು. ಬಹಳ ದೊಡ್ಡ ಕೆಲಸ ಅದು. ಆದರೂ 2020ರಲ್ಲಿ ಯುನಿಸೆಫ್ ಹೊರತಂದ ವರದಿಯ ಲೆಕ್ಕದಲ್ಲಿ ಭಾರತದ 27 ಕೋಟಿಗೂ ಹೆಚ್ಚು ಮಕ್ಕಳ ರಕ್ತದಲ್ಲಿ ಸೀಸ 5 ಅಥವಾ ಅದಕ್ಕಿಂತ ಜಾಸ್ತಿ ಇದೆ. ಪೆಟ್ರೋಲಿನಿಂದ ಹೋದ ಸೀಸ ಬೇರೆ ದಾರಿಗಳಿಂದ ಬರುತ್ತಿದೆ.

ನಮ್ಮ ಕಡೆಯ ದಾರಿಗಳಲ್ಲಿ ಮೊದಲನೆಯದು ಬ್ಯಾಟರಿ. ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ. ಮುಚ್ಚಿದ ಬ್ಯಾಟರಿ ಮನೆಯಲ್ಲಿದ್ದರೆ ತೊಂದರೆ ಇಲ್ಲ. ಒಡೆದಾಗ, ಕರಗಿಸಿದಾಗ ಕಷ್ಟ. ಆಫ್ರಿಕಾದ ಸೆನೆಗಲ್ ದೇಶದಲ್ಲಿ, ಡಕಾರ್ ಪಟ್ಟಣದ ಅಂಚಿನ ಒಂದು ಬಡಾವಣೆಯಲ್ಲಿ ಬ್ಯಾಟರಿ ಒಡೆಯುವ ಜಾಗದ ಮಣ್ಣನ್ನು ಹೆಂಗಸರು ಮನೆಗೆ ತಂದು ಜರಡಿ ಹಿಡಿದು ಸೀಸದ ಚೂರು ಆರಿಸುತ್ತಿದ್ದರು. ಒಳ್ಳೇ ಬೆಲೆ ಸಿಗುತ್ತಿತ್ತು. 2007ರ ಕೊನೆಯಿಂದ 2008ರ ಮಾರ್ಚ್ ಒಳಗೆ ಅಲ್ಲಿ 18 ಚಿಕ್ಕ ಮಕ್ಕಳು ತೀರಿಕೊಂಡರು. ಅವರೂ ನಮ್ಮ ಹಾಗೇ ನಾಲ್ಕು ಕಾಸು ದುಡಿಯಲು ಹೋದವರು.

ಇಲ್ಲಿ ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತರು. ಬ್ಯಾಟರಿ ಕೆಲಸದವರೇ. "ಅಕ್ಕೋರ, ಹಂಗಾದ್ರ ನಾವ್ ಕೆಲ್ಸಾ ಬಿಡಬೇಕೇನ್ರೀ? ಹೊಟ್ಟಿಗಿ ಮಣ್ಣ ತಿನ್ನೂಣೇನ್ರೀ?" ಅಂತ ಕೇಳಿದರು. ಅವರ ಸಿಟ್ಟು ನ್ಯಾಯವಾದದ್ದೇ.

ನಾನು ಹೇಳಿದ್ದು ಇಷ್ಟು. ಅಣ್ಣಾ, ಕೆಲಸ ಬಿಡಿ ಅಂತ ಹೇಳಲಿಕ್ಕೆ ನನಗೆ ಬಾಯಿಲ್ಲ. ಆದರೆ ಕೆಲಸವನ್ನು ಮನೆಯಿಂದ ಹೊರಗೆ ಹಾಕಿ. ಒಡೆಯುವುದು, ಕರಗಿಸುವುದು ಓಣಿಯಲ್ಲಿ ಬೇಡವೇ ಬೇಡ. 2022ರಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಹಳೇ ಬ್ಯಾಟರಿಗಳು ಸರಿಯಾಗಿ ವಾಪಸ್ ಹೋಗುವಂತೆ ನೋಡಿಕೊಳ್ಳುವ ಹೊಣೆ ತಯಾರಕರದ್ದು. ಹಳೇದನ್ನು ಪೂರ್ತಿಯಾಗಿ, ಒಡೆಯದೆ, ಡೀಲರ್ ಕಡೆ ವಾಪಸ್ ಕೊಡಿ. ಕೆಲಸ ಮುಗಿಸಿ ಮನೆಗೆ ಹೊರಟಾಗ ಅಲ್ಲೇ ಸಾಬೂನು ಹಚ್ಚಿ ಕೈ ಮುಖ ತೊಳೆದು, ಅಂಗಿ ಬದಲಿಸಿ. ಮಗು ಓಡಿ ಬಂದು ಅಪ್ಪಿಕೊಳ್ಳುವುದು ಆ ಅಂಗಿಯನ್ನೇ. ಕೆಲಸದ ಬಟ್ಟೆಯನ್ನು ಮನೆಯವರ ಬಟ್ಟೆ ಜೊತೆ ನೆನೆಹಾಕಬೇಡಿ. ಚಪ್ಪಲಿ ಹೊಸ್ತಿಲ ಹೊರಗೇ ಇರಲಿ. ಎಲ್ಲರಿಗಿಂತ ಮೊದಲು ಪೆಟ್ಟು ಬೀಳುವುದು ನಿಮ್ಮ ಮೈಗೆ, ನಿಮ್ಮ ಮಗುವಿಗೆ. ನೀವು ತಪ್ಪಿತಸ್ಥರು ಅಂತ ನಾನು ಬಂದಿಲ್ಲ.

ಅವರು ಕೂತರು. ಪೂರ್ತಿ ಸಮಾಧಾನ ಆಗಿರಲಿಕ್ಕಿಲ್ಲ. ಬಾಡಿಗೆ ಜಾಗಕ್ಕೆ ದುಡ್ಡು ಬೇಕಲ್ಲ? ಇದು ಪಾಲಿಕೆಯವರು ಮುಂದೆ ನಿಂತು ಮಾಡಬೇಕಾದ ಕೆಲಸ. ವಸತಿಯಿಂದ ದೂರ, ನೀರಿನ ವ್ಯವಸ್ಥೆ ಇರುವ ಒಂದು ಜಾಗವನ್ನು ಇವರಿಗೆಲ್ಲ ಸೇರಿಸಿ ಕೊಡಬೇಕು. ಸುಮ್ನೆ ಬಂದು ಚಪ್ಪರ ಕಿತ್ತುಹಾಕಿದರೆ ಅದೇ ಕಡಾಯಿ ಮನೆಯೊಳಗಿನ ಅಡುಗೆಕೋಣೆಗೆ ಹೋಗುತ್ತದೆ.

ಎರಡನೆಯದು ಬಣ್ಣ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಲಾಕ್‌ಹಾರ್ಟ್ ಗಿಬ್ಸನ್ ಅನ್ನುವ ಕಣ್ಣಿನ ಡಾಕ್ಟರ್ 1904ರಲ್ಲೇ ಇದನ್ನು ಕಂಡುಹಿಡಿದಿದ್ದರು. ಮನೆಯ ಪಡಸಾಲೆ ಕಟಕಟೆಯ ಒಣಗಿ ಪುಡಿಯಾದ ಬಣ್ಣ ಮಕ್ಕಳ ಕೈಯಿಂದ ಬಾಯಿಗೆ ಹೋಗುತ್ತಿತ್ತು. ನಮ್ಮಲ್ಲಿ ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಅಂತ 2016ರಲ್ಲಿ ನಿಯಮ ಬಂತು, 2017ರ ನವೆಂಬರ್‌ನಿಂದ ಜಾರಿಯಾಯಿತು. 90 ಪಿಪಿಎಂ ಅಂದರೆ ಹತ್ತು ಲಕ್ಷ ಪಾಲಿನಲ್ಲಿ 90 ಪಾಲು. ಆದರೆ ಅದಕ್ಕೂ ಮೊದಲು ಬಳಿದ ಹಳದಿ ಕಿಟಕಿ, ಹಸಿರು ಬಾಗಿಲು, ಕೆಂಪು ತೊಟ್ಟಿಲು ಎಲ್ಲ ಮನೆಯಲ್ಲಿ ಹಾಗೇ ಇವೆ. ಆ ನಿಯಮ ಮನೆಗೆ ಬಳಿಯುವ ಬಣ್ಣಕ್ಕೆ ಮಾತ್ರ. ಯಂತ್ರಗಳಿಗೆ, ಕಬ್ಬಿಣದ ಸಾಮಾನಿಗೆ ಬಳಿಯುವ ಬಣ್ಣಕ್ಕೆ ಅಲ್ಲ.

ಇಲ್ಲಿ ಕಾರಹುಣ್ಣಿಮೆ ನೆನಪು ಮಾಡಿಕೊಳ್ಳಿ. ಹಿಂದಿನ ದಿನವೇ ಎತ್ತಿನ ಕೊಂಬು ಹೆರೆಯುತ್ತಾರೆ. ಹೋದ ವರ್ಷದ ಬಣ್ಣ ಪುಡಿಪುಡಿಯಾಗಿ ಉದುರುತ್ತದೆ. ಆಮೇಲೆ ಒಂದು ಕೊಂಬಿಗೆ ಕೆಂಪು, ಒಂದು ಕೊಂಬಿಗೆ ಹಳದಿ. ಈ ಕೆಲಸ ಮಾಡುವವರು ಯಾರು? ಮನೆಯ ಹುಡುಗರು. ಬಣ್ಣದ ಕೈಯಲ್ಲೇ ಕರಿಗಡಬು ತಿನ್ನುತ್ತಾರೆ. ಹಬ್ಬ ನಮ್ಮದು, ಬಿಡಬೇಕಿಲ್ಲ. ಕೊಂಬು ಹೆರೆಯುವ ಕೆಲಸ ದೊಡ್ಡವರು ಮಾಡಲಿ, ಅಂಗಳದ ಹೊರಗೆ, ಒದ್ದೆ ಬಟ್ಟೆಯಿಂದ ಒರೆಸುತ್ತಾ. ಹೊಸ ಬಣ್ಣ ತರುವಾಗ ಡಬ್ಬಿಯ ಮೇಲೆ ಸೀಸದ ಬಗ್ಗೆ ಏನು ಬರೆದಿದೆ ಅಂತ ಓದಿ. ಕಬ್ಬಿಣದ ಗೇಟಿಗೆ ತಂದು ಉಳಿದ ಬಣ್ಣ ಬೇಡ. ಮನೆಯ ಹಳೇ ಬಾಗಿಲಿಗೂ ಇದೇ ಮಾತು. ಮರಳು ಕಾಗದ ಹಿಡಿದು ಒಣಒಣ ಉಜ್ಜಬೇಡಿ. ನೀರು ಚಿಮುಕಿಸಿ ಉಜ್ಜಿ, ಮಕ್ಕಳನ್ನು ಅವತ್ತು ಆಯಿ ಮನೆಗೆ ಕಳಿಸಿಬಿಡಿ. ಸೀಸದ ಬಣ್ಣದ ಚಕ್ಕೆಗೆ ಸ್ವಲ್ಪ ಸಿಹಿ ರುಚಿ ಇರುತ್ತದೆ. ಒಮ್ಮೆ ನೆಕ್ಕಿದ ಮಗು ಮತ್ತೆ ನೆಕ್ಕುತ್ತದೆ.

ಮೂರನೆಯದು ಸುರ್ಮಾ ಮತ್ತು ಕಾಡಿಗೆ. ಇದು ಒಂದು ಧರ್ಮದವರ ಮಾತಲ್ಲ. ನಮ್ಮೂರಲ್ಲಿ ಕೂಸಿನ ಕಣ್ಣಿಗೆ ಏನಾದರೂ ಹಚ್ಚದ ಮನೆಯೇ ಇಲ್ಲ. ಬಂದಾ ನವಾಜರ ಉರುಸಿಗೂ ಹೋಗುತ್ತೇವೆ, ಶರಣಬಸವೇಶ್ವರ ಜಾತ್ರೆಗೂ ಹೋಗುತ್ತೇವೆ. ಬಳೆ ಸಾಲಿನಲ್ಲಿ ಹೆಸರಿಲ್ಲದ ಡಬ್ಬಿ ಕೊಳ್ಳುತ್ತೇವೆ. ಮಾರುಕಟ್ಟೆಯ ಎಷ್ಟೋ ಸುರ್ಮಾದಲ್ಲಿ ಹೊಳೆಯುವುದು ಸೀಸದ ಅದಿರು. ಮಗು ಕಣ್ಣುಜ್ಜುತ್ತದೆ, ಅದೇ ಬೆರಳು ಚೀಪುತ್ತದೆ. ಹರಳೆಣ್ಣೆ ದೀಪದ ಮಸಿಯಿಂದ ಮನೆಯಲ್ಲಿ ಮಾಡುವ ಕಾಡಿಗೆಯಲ್ಲಿ ಸೀಸ ಇಲ್ಲ. ಅದನ್ನೂ ಕಣ್ಣೊಳಗೆ ಹಾಕದೆ ಕೆನ್ನೆಗೋ ಹಣೆಗೋ ಒಂದು ಚುಕ್ಕೆ ಇಟ್ಟರೆ ಸಾಕು, ದೃಷ್ಟಿ ಅಲ್ಲಿಗೂ ತಾಗುವುದಿಲ್ಲ. ಕೆಲವು ಸಿಂಧೂರದಲ್ಲೂ ಸೀಸದ ಕೆಂಪು ಇರುತ್ತದೆ. ಹನುಮಪ್ಪನ ಗುಡಿಯಿಂದ ಬಂದಾಗ ಮಗುವಿನ ಕೈ ತೊಳೆಸಿ.

ಅರಿಶಿಣದ ಬಗ್ಗೆ ಬೇಗ ಹೇಳುತ್ತೇನೆ. ಕೊಂಬು ಹಳದಿಯಾಗಿ ಹೊಳೆಯಲಿ ಅಂತ ಕೆಲವರು ಲೆಡ್ ಕ್ರೋಮೇಟ್ ಅನ್ನುವ ಬಣ್ಣ ಬಳಿಯುತ್ತಾರೆ. ಅರಿಶಿಣ ಕೊಂಬನ್ನು ಒಂದು ಗ್ಲಾಸ್ ನೀರಿಗೆ ಹಾಕಿ ನೋಡಿ. ಹಾಕಿದ ಕೂಡಲೇ ನೀರಿಗೆ ಗಾಢ ಹಳದಿ ಬಿಟ್ಟರೆ ಬೇಡ. ಬಾಂಗ್ಲಾದೇಶದಲ್ಲಿ 2019ರಲ್ಲಿ ಮಾರುಕಟ್ಟೆಯ ಅರಿಶಿಣದಲ್ಲಿ ನೂರಕ್ಕೆ 47ರಲ್ಲಿ ಸೀಸ ಸಿಕ್ಕಿತ್ತು. ಸರ್ಕಾರ ದಾಳಿ ಮಾಡಿತು, ದಂಡ ಹಾಕಿತು, ಜನರಿಗೆ ತಿಳಿಸಿತು. 2021ಕ್ಕೆ ಅದು ಸೊನ್ನೆಗೆ ಇಳಿಯಿತು. ಎರಡೇ ವರ್ಷ! ಮನಸ್ಸು ಮಾಡಿದರೆ ಆಗುವ ಕೆಲಸ ಇದು.

ಕಲಾಯಿಗೂ ಹೀಗೇ. ಹಿತ್ತಾಳೆ ಪಾತ್ರೆಗೆ ಶುದ್ಧ ತವರದ ಕಲಾಯಿ ಒಳ್ಳೆಯದೇ. ತವರ ತುಟ್ಟಿ, ಸೀಸ ಅಗ್ಗ, ಅದಕ್ಕೇ ಬೆರೆಸುತ್ತಾರೆ. ಗೊತ್ತಿರುವ, ನಂಬಿಕೆಯ ಕಲಾಯಿಯವರಿಂದಲೇ ಹಾಕಿಸಿ. ಗುಜರಿ ಕರಗಿಸಿ ಮಾಡಿದ ಅಲ್ಯೂಮಿನಿಯಂ ಪಾತ್ರೆಗಳಲ್ಲೂ ಸೀಸ ಇರಬಹುದು. ಹುಳಿ ಪದಾರ್ಥಕ್ಕೆ ಅದು ಬಿಟ್ಟುಕೊಳ್ಳುತ್ತದೆ. ಪುಂಡಿಪಲ್ಯವನ್ನು ಸ್ಟೀಲ್ ಪಾತ್ರೆಯಲ್ಲೋ ಮಣ್ಣಿನ ಗಡಿಗೆಯಲ್ಲೋ ಮಾಡಿ. ಗಡಿಗೆಗೆ ಹೊಳಪಿನ ಬಣ್ಣ ಇರಬಾರದು. ಇನ್ನು ಈ ಬಲೆ ಗುಂಡುಗಳು. ನದಿ ದಂಡೆಯಲ್ಲಿ ಇವನ್ನು ಹಲ್ಲಿನಿಂದ ಒತ್ತಿ ದಾರಕ್ಕೆ ಬಿಗಿಯುವ ಹುಡುಗರನ್ನು ನಾನೇ ನೋಡಿದ್ದೇನೆ. ಅವರಿಗೆ ಒಂದು ಇಕ್ಕಳ ತೆಗೆದುಕೊಡಿ.

ಒಬ್ಬ ತಾಯಿ ಕೇಳಿದರು, "ನಮ್ಮ ಹುಡುಗ ದಿನಾ ಮಣ್ಣ ತಿಂತಾನ್ರೀ ಅಕ್ಕೋರ, ಬಡದ್ರೂ ಬಿಡವಲ್ಲ. ಏನ್ ಮಾಡ್ಲಿರೀ?"

ಹೊಡೆಯಬೇಡವ್ವಾ. ಅವನ ಮೈ ಏನನ್ನೋ ಕೇಳುತ್ತಿದೆ. ರಕ್ತ ಪರೀಕ್ಷೆ ಮಾಡಿಸು, ಆಶಾ ಅಕ್ಕನ ಹತ್ತಿರ ಕಬ್ಬಿಣದ ಔಷಧಿ ಕೇಳು. ಎಳ್ಳ ಅಮಾವಾಸ್ಯೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಸೊಪ್ಪು ಕಾಳು ಎಲ್ಲ ಹಾಕಿದ ಭಜ್ಜಿ ಮಾಡುತ್ತೀವಲ್ಲ, ಅದರಲ್ಲಿ ಕಬ್ಬಿಣವೂ ಇದೆ, ಕ್ಯಾಲ್ಸಿಯಂ ಕೂಡ ಇದೆ. ಅದು ವರ್ಷಕ್ಕೊಮ್ಮೆ ಯಾಕೆ? ವಾರಕ್ಕೆ ಎರಡು ಸಲ ಮಾಡು. ರಾಜಗಿರಿ ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿ ಕೊಡು, ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಮುಖ್ಯವಾಗಿ ಮಗುವನ್ನು ಬರಿ ಹೊಟ್ಟೆಯಲ್ಲಿ ಆಡಲು ಬಿಡಬೇಡ. ಹೊಟ್ಟೆ ಖಾಲಿ ಇದ್ದಾಗ ಕರುಳು ಸೀಸವನ್ನು ತುಂಬಾ ಜಾಸ್ತಿ ಹೀರುತ್ತದೆ. 2021ರ ಡಿಸೆಂಬರ್‌ನಲ್ಲಿ ಶಾಲೆಯಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಕಲಬುರಗಿ, ಬೀದರ್, ಯಾದಗಿರಿ ಮಕ್ಕಳಿಗೇ ಮೊದಲು ಕೊಟ್ಟರು. ಆ ಮೊಟ್ಟೆ, ಆ ಬಿಸಿಯೂಟ ಈ ವಿಷಯದಲ್ಲೂ ಕೆಲಸ ಮಾಡುತ್ತದೆ. ಊಟಕ್ಕೆ ಮೊದಲು ಮಕ್ಕಳು ಸಾಬೂನಿನಿಂದ ಕೈ ತೊಳೆಯುತ್ತಾರಾ ಅಂತ ಒಂದು ದಿನ ಹೋಗಿ ನೋಡು.

ಕಸಬರಿಗೆಯ ಬಗ್ಗೆ ಒಂದು ಮಾತು. ನಮ್ಮ ಬಿಸಿಲಲ್ಲಿ, ಬೇಸಿಗೆ ಗಾಳಿಯಲ್ಲಿ ಧೂಳು ಹೊಸ್ತಿಲು ದಾಟಿ ಬರುತ್ತದೆ. ಒಣ ನೆಲ ಗುಡಿಸಿದರೆ ಧೂಳು ಎದ್ದು ಮತ್ತೆ ತೊಟ್ಟಿಲ ಮೇಲೇ ಕೂರುತ್ತದೆ. ನಮ್ಮದು ಶಹಾಬಾದ್ ಫರಸಿ ನೆಲ. ಒದ್ದೆ ಬಟ್ಟೆಯಿಂದ ಒರೆಸಿ, ನೀರು ಬದಲಿಸಿ ಇನ್ನೊಮ್ಮೆ ಒರೆಸಿ. ಕಿಟಕಿಯ ಕಟ್ಟೆಯನ್ನು ಮರೆಯಬೇಡಿ, ಹಳೇ ಬಣ್ಣ ಉದುರುವುದು ಅಲ್ಲೇ.

ಸೀಸದ ಪರೀಕ್ಷೆ ಜಿಲ್ಲಾಸ್ಪತ್ರೆಯಲ್ಲೇ ಸಿಗುವಂತೆ ಮಾಡಿ ಅಂತ ನಾವೆಲ್ಲ ಸೇರಿ ಕೇಳಬೇಕು. ಬ್ಯಾಟರಿ, ಗುಜರಿ, ಪೇಂಟಿಂಗ್ ಕೆಲಸ ಇರುವ ಮನೆಯ ಮಕ್ಕಳಿಗಾದರೂ ಮೊದಲು ಆಗಲಿ. ಓಣಿಯಲ್ಲಿ ಸೀಸ ಕರಗಿಸುವುದು ಕಂಡರೆ ದೂರು ಕೊಡಲು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಇದೆ. ದೂರಿಗಿಂತ ಮೊದಲು ಆ ಮನೆಗೆ ಹೋಗಿ ಕೂತು ಮಾತಾಡಿ.

ನಮ್ಮ ಹುಡುಗ ಏನಾದ ಅಂತ ಕೇಳಿದಿರಿ. ತಂಗಿಯ ಮಗ ಚಪ್ಪರ ಕಿತ್ತ. ಊರ ಹೊರಗೆ ಇನ್ನಿಬ್ಬರ ಜೊತೆ ಪಾಲಿಗೆ ಜಾಗ ಹಿಡಿದ. ಅಂಗಳದ ಮಣ್ಣು ಅಗೆದು ಬೇರೆ ಕಡೆ ಸುರಿದರೆ ಇನ್ನೊಬ್ಬರ ಮಗುವಿಗೆ ಕೊಟ್ಟ ಹಾಗಾಗುತ್ತದೆ ಅಂತ, ಮಣ್ಣು ನೆನೆಸಿ, ಮೇಲೆ ಕಾಂಕ್ರೀಟ್ ಹಾಕಿ ಫರಸಿ ಕೂರಿಸಿದ. ಒಂದು ವರ್ಷದ ಮೇಲೆ ಮಟ್ಟ 14ಕ್ಕೆ ಬಂತು. ಈಗ ಅವನು ಎರಡನೇ ತರಗತಿ. ಅಕ್ಷರ ನಿಧಾನ ಬರುತ್ತಿವೆ. ನಾನು ದಿನಾ ಸಂಜೆ ಒಂದು ತಾಸು ಅವನ ಜೊತೆ ಕೂರುತ್ತೇನೆ. ಹೋದ ತಿಂಗಳು ಅವನ ಮೊದಲ ಹಲ್ಲು ಬಿತ್ತು. ಮಾಳಿಗೆಗೆ ಎಸೆಯುತ್ತೀನಿ ಅಂದ. ಇರಲಿ ಕೊಡು ಅಂತ ಇಸಿದುಕೊಂಡು ಇಟ್ಟಿದ್ದೇನೆ.

ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ, ಬಿಸಿಲೇರುವ ಮೊದಲು, ಹನುಮಪ್ಪನ ಗುಡಿಯಿಂದ ಕೆರೆ ಕಡೆಯ ಓಣಿಯವರೆಗೆ ಮನೆಮನೆಗೆ ಹೋಗುತ್ತೇವೆ. ಎಲ್ಲೆಲ್ಲಿ ಬ್ಯಾಟರಿ ಒಡೆಯುತ್ತಾರೆ, ಎಲ್ಲೆಲ್ಲಿ ಬಣ್ಣ ಉದುರಿದ ತೊಟ್ಟಿಲಿದೆ ಅಂತ ಬರೆದುಕೊಳ್ಳಲು ನೋಟ್‌ಬುಕ್ ತಂದಿದ್ದೇನೆ. ಬರುವವರು ಹೋಗುವಾಗ ಹೆಸರು ಬರೆಸಿ ಹೋಗಿ. ಅಂಗನವಾಡಿಯ ಈ ಹಸಿರು ಬಾಗಿಲಿಂದಲೇ ಶುರು ಮಾಡೋಣ, ಕೆಳಗಿನ ಮೂಲೆಯಲ್ಲಿ ಬಣ್ಣ ಎದ್ದಿದೆ, ನೋಡಿ.